ನ್ಯೂಯಾರ್ಕಿಗೆ ಮಕ್ಕಳ ಜೊತೆ ಹೋಗುವವರು ಒಂದು ದಿನ ಹಾರ್ಲೆಮ್‌ನ ರಿವರ್‌ಬ್ಯಾಂಕ್ ಪಾರ್ಕಿಗೆ ಇಟ್ಟುಕೊಳ್ಳಿ

ಟೈಮ್ಸ್ ಸ್ಕ್ವೇರ್‌ನಲ್ಲಿ ಬಣ್ಣದ ಜಾಕೆಟ್ ಹಾಕಿಕೊಂಡು ಟೂರ್ ಬಸ್ಸಿನ ಟಿಕೆಟ್ ಮಾರುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಅವರ ಹತ್ತಿರ ಏನನ್ನೂ ಕೊಳ್ಳಬೇಡಿ. ಉಳಿದದ್ದೆಲ್ಲ ಆಮೇಲೆ, ಇದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕೈಯಿಂದ ಒಂದೇ ಬೆಳಗ್ಗೆ 250 ಡಾಲರ್‌ಗೂ ಜಾಸ್ತಿ ಹೋಯಿತು. ನಾವು ಕೇಳಿದ ಬಸ್ಸು ಮಾತ್ರ ಬರಲೇ ಇಲ್ಲ.

ನಾವು ಐದು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ಮಗ ಆರನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಅತ್ತೆಗೆ ಮಂಡಿನೋವು. ನನ್ನ ತಮ್ಮ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆವು. ದಿನಾ ರೈಲಿನಲ್ಲಿ ಓಡಾಡುವುದು ಅತ್ತೆಗೆ ಕಷ್ಟವಾಗುತ್ತದೆ ಎಂದು ಮ್ಯಾನ್‌ಹಾಟನ್‌ನಲ್ಲೇ ಒಂದು ರೂಮ್ ಮಾಡಿಕೊಂಡೆವು. ರೂಮಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಾಡಿಗೆಯ ಮೇಲೆ 14.75 ಪರ್ಸೆಂಟ್ ತೆರಿಗೆ ಬೀಳುತ್ತದೆ, ರಾತ್ರಿಗೆ ಮೂರೂವರೆ ಡಾಲರ್ ಬೇರೆ. ಅದನ್ನು ಸೇರಿಸಿಕೊಂಡೇ ಲೆಕ್ಕ ಹಾಕಿ.

ಹಾರ್ಲೆಮ್‌ನಲ್ಲಿ ಅಂದರೆ ಮ್ಯಾನ್‌ಹಾಟನ್‌ನ ಉತ್ತರ ಭಾಗದಲ್ಲಿ, ಹಡ್ಸನ್ ನದಿ ದಂಡೆಯ ಮೇಲೆ ರಿವರ್‌ಬ್ಯಾಂಕ್ ಅಂತ ಒಂದು ಪಾರ್ಕಿದೆ, ಮಕ್ಕಳನ್ನು ಅಲ್ಲಿ ಬಿಟ್ಟರೆ ಸಾಯಂಕಾಲದವರೆಗೂ ಆಡುತ್ತಾರೆ ಅಂತ ತಮ್ಮ ಹೇಳಿದ್ದ. ಟಿಕೆಟ್ ಮಾರುವವನಿಗೆ ನಾವು ಸ್ಪಷ್ಟವಾಗಿ ಅದನ್ನೇ ಕೇಳಿದೆವು. ‘ಹಾರ್ಲೆಮ್‌ಗೂ ಹೋಗುತ್ತದೆ, ನದಿ ದಂಡೆಗೂ ಹೋಗುತ್ತದೆ, ಎಲ್ಲಿ ಬೇಕಾದರೂ ಇಳಿಯಿರಿ, ಎಲ್ಲಿ ಬೇಕಾದರೂ ಹತ್ತಿ’ ಅಂದ. ಕ್ಯಾಶ್ ಕೊಟ್ಟರೆ ತಲೆಗೆ ಐದು ಡಾಲರ್ ಕಡಿಮೆ ಎಂದ. ಅವನು ತೋರಿಸಿದ ಸ್ಟಾಪಿನಲ್ಲಿ ಬಿಸಿಲಿಗೆ ನಿಂತೆವು. ಅದೇ ಕಂಪನಿಯ ಬಸ್ಸುಗಳು ತುಂಬಿಕೊಂಡು ನಿಲ್ಲಿಸದೆ ಹೋದವು. ಅತ್ತೆಗೆ ಕೂರಲು ಒಂದು ಕಟ್ಟೆಯೂ ಇಲ್ಲ. ಒಂದು ಗಂಟೆಗೂ ಮೇಲೆ ಕಾದ ಮೇಲೆ ಬಸ್ಸೊಂದು ನಿಂತಿತು. ಕಂಡಕ್ಟರ್ ಥರದ ಹುಡುಗ ಟಿಕೆಟ್ ಸ್ಕ್ಯಾನ್ ಮಾಡಿ, ‘ಇದು ದಕ್ಷಿಣದ ಡೌನ್‌ಟೌನ್ ರೂಟಿಗೆ ಮಾತ್ರ, ಹಾರ್ಲೆಮ್ ಕಡೆಯ ಉತ್ತರದ ರೂಟಿಗೆ ಬೇರೆ ಟಿಕೆಟ್’ ಅಂದ. ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ದುಡ್ಡು ವಾಪಸ್ ಇಲ್ಲ ಎಂದು ಬರೆದಿತ್ತು. ಯಜಮಾನರು ಆ ಮಾರಾಟಗಾರನನ್ನು ಹುಡುಕಿಕೊಂಡು ಹೋದರು. ಆ ಜಾಗದಲ್ಲಿ ಬೇರೆಯವನು ನಿಂತಿದ್ದ. ಟಿಕೆಟ್ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು.

ಕ್ಯಾಶ್‌ಗೆ ರಿಯಾಯಿತಿ ಯಾಕೆ ಕೊಡುತ್ತಾರೆ ಗೊತ್ತಾ? ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ದುಡ್ಡು ವಾಪಸ್ ಕೇಳಬಹುದು. ಕ್ಯಾಶ್ ಕೊಟ್ಟರೆ ಕೇಳುವವರೇ ಇಲ್ಲ. ಟೂರ್ ಬಸ್ಸೇ ಬೇಕು ಅನ್ನುವವರು ಕಂಪನಿಯ ವೆಬ್‌ಸೈಟಿನಲ್ಲೇ ಕೊಳ್ಳಿ. ಟಿಕೆಟ್ಟಿನ ಹೆಸರು ಮತ್ತು ರೂಟಿನ ಮ್ಯಾಪು ಎರಡನ್ನೂ ಹೋಲಿಸಿ ನೋಡಿ. ರಸ್ತೆಯಲ್ಲಿ ನಿಂತವನ ಬಾಯಿಮಾತು ಯಾವುದಕ್ಕೂ ಬರುವುದಿಲ್ಲ.

ಕೊನೆಗೆ ನಮ್ಮನ್ನು ಕರೆದುಕೊಂಡು ಹೋಗಿದ್ದು ಸಬ್‌ವೇ. ತಲೆಗೆ ಸುಮಾರು 3 ಡಾಲರ್. ಟೈಮ್ಸ್ ಸ್ಕ್ವೇರ್ ಕೆಳಗಿನಿಂದಲೇ 1 ನಂಬರ್ ರೈಲು ಹೊರಡುತ್ತದೆ. ಬದಲಾಯಿಸುವ ತಾಪತ್ರಯವೂ ಇಲ್ಲ. ಅರ್ಧ ಗಂಟೆಯೊಳಗೆ 145ನೇ ಸ್ಟ್ರೀಟ್. ಮಕ್ಕಳನ್ನು ಕಿಟಕಿ ಕಡೆ ಕೂರಿಸಿ. ನೆಲದೊಳಗೆ ಓಡುತ್ತಿದ್ದ ರೈಲು 116 ದಾಟಿದ ಮೇಲೆ ಬೆಳಕಿಗೆ ಬರುತ್ತದೆ. 125ನೇ ಸ್ಟ್ರೀಟಿನ ಹತ್ತಿರ ಎತ್ತರದ ಕಬ್ಬಿಣದ ಸೇತುವೆಯ ಮೇಲೆ ಓಡುತ್ತದೆ. ಆ ಬೀದಿ ಕಣಿವೆಯಲ್ಲಿದೆ, ರೈಲು ಮಟ್ಟ ಬಿಡದೆ ಬರುವುದರಿಂದ ಸ್ಟೇಷನ್ ಅಷ್ಟು ಎತ್ತರದಲ್ಲಿದೆ. ಮತ್ತೆ ಗುಡ್ಡದೊಳಗೆ ಹೊಕ್ಕುಬಿಡುತ್ತದೆ. ಮಗಳು ಅದನ್ನು ಇವತ್ತಿಗೂ ಹೇಳುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. 145ನೇ ಸ್ಟ್ರೀಟ್ ಎಂಬ ಹೆಸರಿನ ಸ್ಟೇಷನ್ ಒಂದಲ್ಲ, ಮೂರಿವೆ. 1 ನಂಬರ್ ರೈಲಿನದ್ದು ಬ್ರಾಡ್‌ವೇಯಲ್ಲಿದೆ. ಪಾರ್ಕಿಗೆ ಹತ್ತಿರದ್ದು ಅದೇ. ಎ, ಬಿ, ಸಿ, ಡಿ ರೈಲುಗಳದ್ದು ಸೇಂಟ್ ನಿಕೊಲಸ್ ಅವೆನ್ಯೂದಲ್ಲಿ. ಅಲ್ಲಿಂದ ಪಾರ್ಕಿಗೆ ಬರಬೇಕಾದರೆ ಏರು ಹತ್ತಿ ಇಳಿಯಬೇಕು. 3 ನಂಬರ್ ರೈಲಿನದ್ದು ಇನ್ನೂ ಪೂರ್ವಕ್ಕೆ, ಲೆನಾಕ್ಸ್ ಅವೆನ್ಯೂದಲ್ಲಿ. ಫೋನಿನ ಮ್ಯಾಪು ಕೆಲವು ಸಲ ‘ಬೇಗ ತಲುಪುವ ದಾರಿ’ ಅಂತ ಎ ರೈಲನ್ನು ತೋರಿಸುತ್ತದೆ. ವಯಸ್ಸಾದವರು ಜೊತೆಗಿದ್ದರೆ ಅದನ್ನು ಕೇಳಬೇಡಿ. ಬೇರೆ ಸ್ಟೇಷನ್ನಿನಲ್ಲಿ ಇಳಿದರೂ ಗಾಬರಿ ಬೇಡ. 145ನೇ ಸ್ಟ್ರೀಟಿನ ಉದ್ದಕ್ಕೂ ಬಿಎಕ್ಸ್19 ಎಂಬ ಬಸ್ಸು ಓಡುತ್ತದೆ. ಅದರ ಕೊನೇ ಸ್ಟಾಪೇ ಪಾರ್ಕಿನ ಒಳಗೆ. ಸಬ್‌ವೇಗೆ ಯಾವ ಕಾರ್ಡನ್ನು ತಾಗಿಸಿದ್ದಿರೋ ಅದನ್ನೇ ಎರಡು ಗಂಟೆಯೊಳಗೆ ಬಸ್ಸಿನಲ್ಲೂ ತಾಗಿಸಿದರೆ ಮತ್ತೆ ದುಡ್ಡು ಹೋಗುವುದಿಲ್ಲ. 44 ಇಂಚಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ಟೇ ಬೇಡ.

ನಾವು ಇಳಿದ ಸ್ಟೇಷನ್ನಿನಲ್ಲಿ ಲಿಫ್ಟ್ ಇರಲಿಲ್ಲ. ಆದರೆ ರೈಲು ಅಲ್ಲಿ ನೆಲದಿಂದ ಬಹಳ ಆಳದಲ್ಲಿಲ್ಲ. ಅತ್ತೆ ಕಂಬಿ ಹಿಡಿದು ನಿಧಾನಕ್ಕೆ ಹತ್ತಿದರು. ಮೇಲೆ ಬಂದರೆ ಬ್ರಾಡ್‌ವೇ. ಅಲ್ಲಿಂದ ಪಶ್ಚಿಮಕ್ಕೆ ಇಳಿಜಾರು ರಸ್ತೆ. ರಿವರ್‌ಸೈಡ್ ಡ್ರೈವ್ ದಾಟಿದರೆ ಒಂದು ಸೇತುವೆ ಬರುತ್ತದೆ. ಕೆಳಗೆ ಹೈವೇಯಲ್ಲಿ ಕಾರುಗಳು ಓಡುತ್ತಿರುತ್ತವೆ. ಸೇತುವೆ ಮುಗಿದ ಕಡೆ ಪಾರ್ಕು ಶುರು. ಒಳಗೆ ಹೋಗಲು ದುಡ್ಡಿಲ್ಲ, ಟಿಕೆಟ್ಟಿಲ್ಲ, ಕ್ಯೂ ಇಲ್ಲ. ಬೆಳಗ್ಗೆಯ ಕಥೆ ಆದ ಮೇಲೆ ಅದೇ ದೊಡ್ಡ ಸಮಾಧಾನ.

ಇದು ಸೆಂಟ್ರಲ್ ಪಾರ್ಕಿನ ಥರ ನೋಡಿಕೊಂಡು ಅಡ್ಡಾಡುವ ಪಾರ್ಕ್ ಅಲ್ಲ. ಇಲ್ಲಿಗೆ ಬರುವವರು ಆಡಲು ಬರುತ್ತಾರೆ. ನ್ಯೂಯಾರ್ಕ್ ರಾಜ್ಯ ಸರ್ಕಾರ ನಡೆಸುವ ಪಾರ್ಕಿದು, ಒಟ್ಟು 28 ಎಕರೆ. 400 ಮೀಟರಿನ ಎಂಟು ಲೇನಿನ ಓಟದ ಟ್ರ್ಯಾಕ್ ಇದೆ, ಅದರ ಮಧ್ಯೆ ಫುಟ್‌ಬಾಲ್ ಮೈದಾನ. ಬಾಸ್ಕೆಟ್‌ಬಾಲ್, ಟೆನಿಸ್, ಗೋಡೆಗೆ ಚೆಂಡು ಬಡಿದು ಆಡುವ ಹ್ಯಾಂಡ್‌ಬಾಲ್ ಅಂಕಣಗಳು ಬೇರೆ. ಒಳಾಂಗಣದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳ. ಹೊರಗೆ ಚಿಕ್ಕದೊಂದು ಕೊಳ, ಪುಟ್ಟ ಮಕ್ಕಳಿಗೆ ಕಾಲು ಮುಳುಗುವಷ್ಟೇ ಆಳದ ಇನ್ನೊಂದು. ಮೇಲೆ ಸೂರಿರುವ ಸ್ಕೇಟಿಂಗ್ ಅಂಕಣವೂ ಇದೆ. ಬೇಸಿಗೆಯಲ್ಲಿ ಚಕ್ರದ ಸ್ಕೇಟಿಂಗ್, ಚಳಿಗಾಲದಲ್ಲಿ ಅದೇ ಜಾಗದಲ್ಲಿ ಮಂಜುಗಡ್ಡೆಯ ಸ್ಕೇಟಿಂಗ್.

ಇಷ್ಟೆಲ್ಲ ನಿಂತಿರುವುದು ಒಂದು ಛಾವಣಿಯ ಮೇಲೆ. ಕೆಳಗಿರುವುದು ನಗರದ ಕೊಳಚೆ ನೀರು ಶುದ್ಧ ಮಾಡುವ ಘಟಕ!

ನನಗೆ ಇದು ಮೊದಲು ಗೊತ್ತಿರಲಿಲ್ಲ. ಟ್ರ್ಯಾಕ್ ಪಕ್ಕದ ಬೆಂಚಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬರು ಹೇಳಿದರು. ಮೊದಲು ನಂಬಲಿಲ್ಲ. ನಾವು ಇರುವುದು ಕೆಂಗೇರಿ ಕಡೆ. ವೃಷಭಾವತಿಯ ವಾಸನೆ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಬಂದ ಮಾರನೇ ದಿನ ಮೈಸೂರು ರಸ್ತೆಯಲ್ಲಿ ಕಿಟಕಿ ಮುಚ್ಚಿಕೊಂಡೇ ಹೋಗಬೇಕು. ಇಲ್ಲಿ ನೋಡಿದರೆ ನಮ್ಮ ಕಾಲ ಕೆಳಗೆ ದಿನಕ್ಕೆ ಸುಮಾರು 12.5 ಕೋಟಿ ಗ್ಯಾಲನ್, ಅಂದರೆ 47 ಕೋಟಿ ಲೀಟರ್ ಕೊಳಚೆ ನೀರು ಶುದ್ಧವಾಗುತ್ತಿದೆ. ಮ್ಯಾನ್‌ಹಾಟನ್‌ನ ಪಶ್ಚಿಮ ಭಾಗದ ಬಹುಪಾಲು ಮನೆಗಳ ನೀರು ಇಲ್ಲಿಗೇ ಬರುತ್ತದೆ. ಮೇಲೆ ಮಕ್ಕಳು ಬಾಸ್ಕೆಟ್‌ಬಾಲ್ ಆಡುತ್ತಿದ್ದಾರೆ.

ವಾಸನೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಾವು ಹೋದ ದಿನ ಸೆಖೆ ಜೋರಾಗಿತ್ತು. ಗಾಳಿ ತಿರುಗಿದಾಗ ಒಂದೆರಡು ಸಲ ಲಘುವಾಗಿ ಬಂತು, ಆಮೇಲೆ ಇಲ್ಲ. ಆಟದಲ್ಲಿದ್ದ ಮಕ್ಕಳಿಗೆ ಗೊತ್ತೂ ಆಗಲಿಲ್ಲ. ಮೂಗು ಸೂಕ್ಷ್ಮ ಇರುವವರು, ಗರ್ಭಿಣಿಯರು ಬಿರು ಬೇಸಿಗೆಯ ಮಧ್ಯಾಹ್ನ ಬಿಟ್ಟು ಬೆಳಗ್ಗೆ ಹೋಗಿ.

ಆದರೆ ಮೊದಲಿನಿಂದಲೂ ಹೀಗಿರಲಿಲ್ಲ. ಈ ಘಟಕ ಬಂದ ಬಗೆಯನ್ನು ತಿಳಿದುಕೊಂಡು ಹೋದರೆ ಪಾರ್ಕು ಬೇರೆಯಾಗಿಯೇ ಕಾಣುತ್ತದೆ. ಅದಕ್ಕೇ ಸ್ವಲ್ಪ ಬರೆಯುತ್ತೇನೆ. 1986ಕ್ಕೆ ಮುಂಚೆ ಆ ಕಡೆಯ ಕೊಳಚೆಯೆಲ್ಲ ಹಾಗೇ ಹಡ್ಸನ್ ನದಿಗೆ ಬೀಳುತ್ತಿತ್ತು. ಘಟಕ ಬೇಕೇಬೇಕಿತ್ತು. ಮೊದಲು ಅದನ್ನು ದಕ್ಷಿಣದಲ್ಲಿ, 72ನೇ ಸ್ಟ್ರೀಟಿನ ಕಡೆ ಕಟ್ಟಬೇಕೆಂದಿತ್ತು. ಅದು ಅನುಕೂಲಸ್ಥರ ಬಡಾವಣೆ. ಕೊನೆಗೆ ಬಂದು ಕೂತಿದ್ದು ಕಪ್ಪು ಜನ, ಲ್ಯಾಟಿನ್ ಅಮೆರಿಕದ ಜನ ಇರುವ ಪಶ್ಚಿಮ ಹಾರ್ಲೆಮ್‌ನಲ್ಲಿ, 137ರಿಂದ 145ನೇ ಸ್ಟ್ರೀಟಿನವರೆಗೆ. ಜನ ಒಪ್ಪಲಿಲ್ಲ. ಅವರನ್ನು ಸಮಾಧಾನ ಮಾಡಲು ಛಾವಣಿಯ ಮೇಲೆ ಪಾರ್ಕು ಮಾಡಿಕೊಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು.

ಘಟಕ ಶುರುವಾಯಿತು, ಪಾರ್ಕು ಬರಲಿಲ್ಲ. ವಾಸನೆಗೆ ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆಯುವಂತಿರಲಿಲ್ಲ. 1988ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ದಿನದಂದು, ಜನ ಪಕ್ಕದ ಹೈವೇಗೆ ಇಳಿದು ರಸ್ತೆ ತಡೆ ಮಾಡಿದರು. ಏಳು ಜನ ಅರೆಸ್ಟ್ ಆದರು. ಪೆಗ್ಗಿ ಶೆಪರ್ಡ್ ಅವರಲ್ಲೊಬ್ಬರು. ಅದೇ ವರ್ಷ ಅವರು ಇನ್ನಿಬ್ಬರ ಜೊತೆ ಸೇರಿ ‘ವಿ ಆ್ಯಕ್ಟ್’ ಎಂಬ, ಪರಿಸರ ನ್ಯಾಯಕ್ಕಾಗಿ ಹೋರಾಡುವ ಸಂಸ್ಥೆ ಕಟ್ಟಿದರು. ನಗರದ ಮೇಲೆ ಕೇಸು ಹಾಕಿದರು. ಕೇಸು ರಾಜಿಯಾದಾಗ ಆ ಬಡಾವಣೆಯ ಕೆಲಸಕ್ಕೆ 11 ಲಕ್ಷ ಡಾಲರ್ ನಿಧಿ ಸಿಕ್ಕಿತು. ಪಾರ್ಕಿನ ಬಾಗಿಲು ತೆರೆದಿದ್ದು 1993ರ ಮೇನಲ್ಲಿ. ಅಂದರೆ ಅಲ್ಲಿನ ಜನಕ್ಕೆ ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ. ಹೊರಗಿನವರಾಗಿ ನಾವು ಅಲ್ಲಿಗೆ ಹೋಗುವಾಗ ಆ ಗೌರವ ಇಟ್ಟುಕೊಂಡು ಹೋಗಬೇಕು. ಈಗ ಪಾರ್ಕಿನ ಪೂರ್ತಿ ಹೆಸರಿನಲ್ಲಿ ಡೆನ್ನಿ ಫ್ಯಾರೆಲ್ ಅವರ ಹೆಸರೂ ಇದೆ. ಹಾರ್ಲೆಮ್‌ನಿಂದ 40 ವರ್ಷಕ್ಕೂ ಹೆಚ್ಚು ಕಾಲ ರಾಜ್ಯದ ಶಾಸಕರಾಗಿದ್ದವರು. 2017ರಲ್ಲಿ ಅವರ ಹೆಸರಿಟ್ಟರು.

ನದಿಯಿಂದ 69 ಅಡಿ ಎತ್ತರದಲ್ಲಿ ಇಷ್ಟು ದೊಡ್ಡ ಪಾರ್ಕನ್ನು ನಿಲ್ಲಿಸಿದ ಬಗೆಯನ್ನೂ ನಿಮ್ಮ ಮಕ್ಕಳಿಗೆ ತೋರಿಸಿ. ರಿಚರ್ಡ್ ಡ್ಯಾಟ್ನರ್ ಎಂಬ ವಾಸ್ತುಶಿಲ್ಪಿ ಇದರ ವಿನ್ಯಾಸ ಮಾಡಿದರು. ಜಪಾನಿನಲ್ಲಿ ಕಟ್ಟಡಗಳ ಛಾವಣಿ ಮೇಲೆ ಮಾಡಿದ ಪಾರ್ಕುಗಳು ಇದಕ್ಕೆ ಮಾದರಿ. ಕೆಳಗಿನ ಕಂಬ, ತೊಲೆಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕಿಯೇ ಯಾವ ಕಟ್ಟಡ ಎಲ್ಲಿ ಬರಬೇಕು, ಎಲ್ಲಿ ಎಷ್ಟು ಮಣ್ಣು ಹಾಕಬೇಕು ಎಂದು ತೀರ್ಮಾನ ಮಾಡಿದ್ದಾರೆ. ಕಟ್ಟಡಗಳೆಲ್ಲ ಹಗುರವಾದ ಉಕ್ಕಿನವು. ನಮ್ಮ ಯಜಮಾನರು ಸಿವಿಲ್ ಇಂಜಿನಿಯರ್. ಕೆಳಗಿನ ಛಾವಣಿ ಒಂದೇ ತುಂಡಲ್ಲ, ಬಿಸಿಲಿಗೆ ಚಳಿಗೆ ತುಂಡುಗಳು ಹಿಗ್ಗಿ ಕುಗ್ಗಬೇಕಲ್ಲ, ಅದಕ್ಕೆ ಮಧ್ಯೆ ಜಾಗ ಬಿಟ್ಟಿದ್ದಾರೆ ಎಂದು ಮಗನಿಗೆ ನೆಲದಲ್ಲಿ ಆ ಸಂದುಗಳನ್ನು ತೋರಿಸುತ್ತ ಹೋದರು. ನಾನು ಅಷ್ಟು ಹೊತ್ತೂ ಬೆಂಗಳೂರಿನ ಬಗ್ಗೆಯೇ ಯೋಚನೆ ಮಾಡುತ್ತಿದ್ದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧ ಮಾಡಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನಮ್ಮಲ್ಲೂ ಕೆಲಸ ಆಗುತ್ತಿಲ್ಲ ಅಂತಲ್ಲ. ಆದರೆ ಇಂಥ ಘಟಕ ಯಾರ ಮನೆ ಪಕ್ಕ ಬರುತ್ತದೋ ಅವರಿಗೆ ಪ್ರತಿಯಾಗಿ ಏನು ಕೊಡುತ್ತೇವೆ? ಈ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಗಟ್ಟಿಯಾಗಿ ಕೇಳಿದ್ದನ್ನು ನಾನು ಕೇಳಿಲ್ಲ. ಕೇಳಬೇಕು.

ಇರಲಿ, ಪಾರ್ಕಿಗೆ ಬರೋಣ. ಮಗ ಬಾಸ್ಕೆಟ್‌ಬಾಲ್ ಅಂಕಣದ ಬದಿಯಲ್ಲಿ ಸುಮ್ನೆ ನಿಂತು ನೋಡುತ್ತಿದ್ದ. ಅವನಿಗಿಂತ ದೊಡ್ಡ ಹುಡುಗರು. ಒಂದು ಆಟ ಮುಗಿದ ಮೇಲೆ ಅವರಲ್ಲೊಬ್ಬ ಕೈಬೀಸಿ ಕರೆದ. ಆಮೇಲೆ ನಮಗೆ ಮಗ ಸಿಗಲೇ ಇಲ್ಲ. ಹೆಸರು ಕೇಳಿದರು, ಎಲ್ಲಿಂದ ಬಂದೆ ಕೇಳಿದರು, ತಪ್ಪು ಮಾಡಿದಾಗ ಬೈದರು. ಪ್ರವಾಸಕ್ಕೆ ಹೋದ ಊರಿನಲ್ಲಿ ಮಗುವನ್ನು ಯಾರಾದರೂ ಹೀಗೆ ಆಟಕ್ಕೆ ಸೇರಿಸಿಕೊಂಡಿದ್ದು ನಮಗೆ ಇದೇ ಮೊದಲು. ದುಡ್ಡು ಕೊಟ್ಟು ಹತ್ತಿದ ಎತ್ತರದ ಕಟ್ಟಡದಲ್ಲಿ ಅವನು ಹತ್ತು ನಿಮಿಷಕ್ಕೆ ‘ಹೋಗೋಣ್ವಾ’ ಅಂದಿದ್ದ.

ಮಗಳಿಗೆ ಇಷ್ಟವಾಗಿದ್ದು ತಿರುಗುವ ಕುದುರೆಗಾಡಿ, ಅಂದರೆ ಮೆರಿ ಗೋ ರೌಂಡ್. ಕುದುರೆ ಅಂತ ಹೇಳುವುದು ರೂಢಿಗೆ ಅಷ್ಟೇ, ಇಲ್ಲಿ ಇರುವುದು ಬೇರೆಯದೇ ಪ್ರಾಣಿಗಳು. ಮೈಲೋ ಮೊಟೊಲಾ ಎಂಬ ಕಲಾವಿದರು ಮಕ್ಕಳಿಂದಲೇ ಚಿತ್ರ ಬರೆಸಿ, ಆರಿಸಿದ ಚಿತ್ರಗಳಲ್ಲಿ ಪ್ರಾಣಿ ಹೇಗಿತ್ತೋ ಹಾಗೆಯೇ ಮಾಡಿಸಿದರು. ಕಾಲು ಸೊಟ್ಟಗಿದ್ದರೆ ಸೊಟ್ಟಗೇ, ಬಣ್ಣ ಗೆರೆ ದಾಟಿದ್ದರೆ ದಾಟಿದ ಹಾಗೇ. ಯಾವುದನ್ನೂ ದೊಡ್ಡವರು ತಿದ್ದಿಲ್ಲ. ಇದು ಬೇಸಿಗೆಯಲ್ಲಿ ಮಾತ್ರ ಓಡುತ್ತದೆ. ಹೋಗುವ ಮುಂಚೆ ಸಮಯ ನೋಡಿಕೊಳ್ಳಿ.

ಅತ್ತೆ ನದಿ ಕಡೆಯ ಬೆಂಚು ಹಿಡಿದರು. ಅಲ್ಲಿಂದ ಉತ್ತರಕ್ಕೆ ಜಾರ್ಜ್ ವಾಷಿಂಗ್ಟನ್ ಸೇತುವೆ ಪೂರ್ತಿ ಕಾಣುತ್ತದೆ. ಎದುರಿಗೆ ನ್ಯೂಜೆರ್ಸಿಯ ಕಡಿದಾದ ಬಂಡೆಗಳು. ಇದೇ ನೋಟಕ್ಕೆ ದೋಣಿಯಲ್ಲಿ ಎಷ್ಟು ದುಡ್ಡು ಕೇಳುತ್ತಾರೆ ಎಂದು ಗೊತ್ತಿರುವವರಿಗೆ ಈ ಬೆಂಚಿನ ಬೆಲೆ ತಿಳಿಯುತ್ತದೆ. ಪಕ್ಕದಲ್ಲಿ ಡೊಮಿನಿಕನ್ ಅಜ್ಜಿಯೊಬ್ಬರು, ಅಂದರೆ ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ ದೇಶದ ಮೂಲದವರು, ಬಂದು ಕೂತರು. ಅವರಿಗೆ ಸ್ಪ್ಯಾನಿಷ್, ಅತ್ತೆಗೆ ಕನ್ನಡ. ಅಜ್ಜಿ ತಮ್ಮ ಮಂಡಿ ಮುಟ್ಟಿ ತೋರಿಸಿದರು, ಅತ್ತೆಯೂ ತಮ್ಮ ಮಂಡಿ ತೋರಿಸಿದರು. ಆಮೇಲೆ ಅಜ್ಜಿ ಈಜುಕೊಳದ ಕಟ್ಟಡದ ಕಡೆ ಕೈ ಮಾಡಿ, ನೀರಿನಲ್ಲಿ ಕಾಲಾಡಿಸುವ ಹಾಗೆ ಮಾಡಿ ತೋರಿಸಿದರು. ಮಂಡಿಗೆ ನೀರಿನ ವ್ಯಾಯಾಮ ಮಾಡುತ್ತಾರಂತೆ. ಅತ್ತೆ ಊರಿಗೆ ಬಂದ ಮೇಲೂ ಅದನ್ನೇ ಕೇಳುತ್ತಿದ್ದಾರೆ. ಕೆಂಗೇರಿ ಹತ್ತಿರ ವಯಸ್ಸಾದ ಹೆಂಗಸರಿಗೆ ಅಂಥ ಕೊಳ ಎಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೇನೆ.

ಈಜುವ ಆಸೆ ಇದ್ದರೆ ಕೆಲವು ಮಾತು. ಕೊಳಕ್ಕೆ, ಸ್ಕೇಟಿಂಗಿಗೆ ಸಣ್ಣ ಶುಲ್ಕ ಇದೆ, ಮಧ್ಯಮ ವರ್ಗದವರಿಗೆ ಕಷ್ಟವಾಗುವಂಥದ್ದಲ್ಲ. ಟೀ ಶರ್ಟು, ಚಡ್ಡಿಯಲ್ಲಿ ನೀರಿಗೆ ಬಿಡುವುದಿಲ್ಲ. ಸರಿಯಾದ ಈಜುಡುಪು, ತಲೆಗೆ ಕ್ಯಾಪು, ಟವೆಲ್ಲು ನೀವೇ ಒಯ್ಯಿರಿ. ಲಾಕರಿಗೆ ಒಂದು ಸಣ್ಣ ಬೀಗವನ್ನೂ ಇಟ್ಟುಕೊಳ್ಳಿ. ಕೊಳದಲ್ಲಿ ತರಗತಿಗಳಿಗೆ ಬೇರೆ ಸಮಯ, ಸಾರ್ವಜನಿಕರಿಗೆ ಬೇರೆ ಸಮಯ. ಅದನ್ನು ನೋಡದೆ ಹೋದರೆ ಎರಡು ಗಂಟೆ ಕಾಯಬೇಕಾಗುತ್ತದೆ. ಸ್ಕೇಟ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮಕ್ಕಳಿಗೆ ಉದ್ದ ಕಾಲುಚೀಲ ಹಾಕಿಸಿ, ಇಲ್ಲದಿದ್ದರೆ ಹಿಮ್ಮಡಿ ಕಿತ್ತುಬರುತ್ತದೆ. ಛಾವಣಿ ಮೇಲಿನ ಪಾರ್ಕಾದ್ದರಿಂದ ಆಟದ ಜಾಗದಲ್ಲಿ ನೆರಳು ಕಡಿಮೆ. ಟೋಪಿ, ನೀರಿನ ಬಾಟ್ಲಿ ಮರೆಯಬೇಡಿ. ಶೌಚಾಲಯ ಇದೆ, ದುಡ್ಡು ಕೇಳುವುದಿಲ್ಲ. ಮ್ಯಾನ್‌ಹಾಟನ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಓಡಾಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಇನ್ನು ಊಟ. ನಾವು ಸಸ್ಯಾಹಾರಿಗಳು. ಟೈಮ್ಸ್ ಸ್ಕ್ವೇರ್ ಸುತ್ತ ಒಂದು ಪಿಜ್ಜಾ ತುಂಡು ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವ ಹಾಗಾಗಿತ್ತು. ಪಾರ್ಕಿನಿಂದ ವಾಪಸ್ ಬ್ರಾಡ್‌ವೇಗೆ ಹತ್ತಿ ಬಂದರೆ ಅಲ್ಲೆಲ್ಲ ಡೊಮಿನಿಕನ್ ಜನ. ಫುಟ್‌ಪಾತ್ ಮೇಲೆ ಮೇಜು ಹಾಕಿಕೊಂಡು ಗಂಡಸರು ಡಾಮಿನೋ ಆಡುತ್ತಿರುತ್ತಾರೆ. ಅಂಗಡಿಗಳಿಂದ ಹಾಡು ಕೇಳುತ್ತಿರುತ್ತದೆ. 145ರಿಂದ ಸ್ವಲ್ಪವೇ ಮೇಲೆ ಒಂದು ಸಣ್ಣ ಹೋಟೆಲಿಗೆ ಹೋದೆವು. ಕೌಂಟರು, ಅದರ ಮುಂದೆ ತಿರುಗುವ ಸ್ಟೂಲುಗಳು, ಒಳಗೆ ಐದಾರು ಮೇಜು. ಗಾಜಿನ ಹಿಂದೆ ಬಿಸಿಬಿಸಿ ಪಾತ್ರೆಗಳು. ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಸಾಕು.

ನಮಗೆ ಸಿಕ್ಕಿದ್ದು ಏನು ಅಂದರೆ, ಬಿಳಿ ಅನ್ನ, ಕೆಂಪು ಕಾಳಿನ ಗಟ್ಟಿ ಸಾರು, ಕರಿದ ಬಾಳೆಹಣ್ಣು, ಬೇಯಿಸಿದ ಮರಗೆಣಸು, ಬೆಣ್ಣೆಹಣ್ಣಿನ ಹೋಳು. ಆ ಕಾಳನ್ನು ಅವರು ಅಬಿಚುವೇಲಾ ಅನ್ನುತ್ತಾರೆ. ಗಟ್ಟಿಯಾಗಿ, ಬೆಳ್ಳುಳ್ಳಿ ಹಾಕಿ, ಕೊತ್ತಂಬರಿ ಸೊಪ್ಪಿನ ಘಮದ ಜೊತೆ, ನಮ್ಮ ಹುರುಳಿಕಟ್ಟು ಅನ್ನದ ಮೇಲೆ ಹರಡುವ ಹಾಗೆ ಹರಡುತ್ತದೆ. ಬಾಳೆಹಣ್ಣು ನೇಂದ್ರದ ಜಾತಿಯದು, ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ಮೇಲೆ ಕರಿಯುತ್ತಾರೆ. ಹೊರಗೆ ಕಂದು, ಒಳಗೆ ಮೆತ್ತಗೆ, ಸಿಹಿ. ಹೆಸರು ಮಡೂರೋಸ್. ಅದೇ ಬಾಳೆಯನ್ನು ಕಾಯಿ ಇದ್ದಾಗ ತಟ್ಟಿ ಎರಡು ಸಲ ಕರಿದರೆ ಟೊಸ್ಟೋನೆಸ್, ಅದಕ್ಕೆ ಉಪ್ಪು ಉದುರಿಸಿ ಕೊಡುತ್ತಾರೆ. ಮರಗೆಣಸಿನ ಮೇಲೆ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ. ಅತ್ತೆ ಚೀಲದಿಂದ ಮಾವಿನ ಉಪ್ಪಿನಕಾಯಿ ತೆಗೆದರು. ಅನ್ನ, ಕಾಳು, ಉಪ್ಪಿನಕಾಯಿ ಕಲಸಿಕೊಂಡು ಕೈಯಲ್ಲಿ ಉಂಡರು. ಅಮೆರಿಕಕ್ಕೆ ಬಂದ ಮೇಲೆ ಹೊರಗಡೆ ಅವರು ಹೊಟ್ಟೆತುಂಬ ಊಟ ಮಾಡಿದ್ದು ಅಲ್ಲೇ. ಕೌಂಟರಿನ ಹೆಂಗಸು ನೋಡುತ್ತಿದ್ದರು. ಇನ್ನೊಂದು ಸೌಟು ಕಾಳು ತಂದು ಹಾಕಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದು ಪ್ಲೇಟಿಗೆ ಸುಮಾರು 10 ಡಾಲರ್, ಇಬ್ಬರಿಗೆ ಧಾರಾಳ ಆಗುತ್ತದೆ. ಐದು ಜನಕ್ಕೆ ಮೂರು ಪ್ಲೇಟು ಹೇಳಿದೆವು, ಮಿಕ್ಕಿತು. ಜೊತೆಗೆ ಪರಂಗಿಹಣ್ಣು ಹಾಲು ಹಾಕಿ ಅರೆದ ಬಟೀದಾ ಕುಡಿಯಿರಿ. ಕಿತ್ತಳೆ ರಸಕ್ಕೆ ಹಾಲು ಬೆರೆಸಿದ ಮೊರಿರ್ ಸೊನ್ಯಾಂದೊ ಎಂಬುದೂ ಇದೆ. ಹಾಲು ಒಡೆಯುವುದಿಲ್ವಾ ಅಂತ ನನಗೂ ಅನುಮಾನ ಇತ್ತು. ಐಸಿನ ಜೊತೆ ತಣ್ಣಗೆ ಮಾಡುವುದರಿಂದ ಒಡೆಯುವುದಿಲ್ಲ. ಮಕ್ಕಳು ಎರಡೆರಡು ಲೋಟ ಕುಡಿದರು.

ಸಸ್ಯಾಹಾರಿಗಳು ಇದೊಂದನ್ನು ತಪ್ಪದೆ ಕೇಳಬೇಕು. ಕೆಲವು ಹೋಟೆಲುಗಳಲ್ಲಿ ಕಾಳಿಗೆ ಹಂದಿ ಮಾಂಸದ ತುಂಡು ಅಥವಾ ಕೋಳಿಯ ಸಾರು ಹಾಕಿರುತ್ತಾರೆ. ‘ಸಿನ್ ಕಾರ್ನೆ?’ ಎಂದು ಕೇಳಿ, ಅದಾದ ಮೇಲೆ ‘ಸಿನ್ ಪೊಯೊ?’ ಎಂದೂ ಕೇಳಿ. ಮಾಂಸ ಇಲ್ಲ ಅಂದರೆ ಕೋಳಿಯೂ ಇಲ್ಲ ಅಂತ ಅಲ್ಲ. ಕಾಳು ಹಾಕಿಯೇ ಬೇಯಿಸಿದ ಕಂದು ಬಣ್ಣದ ಅನ್ನ ಬೇಡ, ಬಿಳಿ ಅನ್ನವೇ ತೆಗೆದುಕೊಳ್ಳಿ. ಕೋಳಿ ಕರಿದ ಎಣ್ಣೆಯಲ್ಲೇ ಬಾಳೆಹಣ್ಣು ಕರಿಯುವ ಜಾಗಗಳೂ ಇರುತ್ತವೆ. ಅತ್ತೆ ಅದಕ್ಕೇ ಕರಿದದ್ದನ್ನು ಮುಟ್ಟಲಿಲ್ಲ. ಬೇಯಿಸಿದ ಮರಗೆಣಸು, ಬೆಣ್ಣೆಹಣ್ಣು, ಅನ್ನ ಇದ್ದರೆ ಕಟ್ಟುನಿಟ್ಟಿನವರಿಗೂ ಊಟ ಆಗುತ್ತದೆ.

ಊಟ ಆದ ಮೇಲೆ ಇತಿಹಾಸದ ಆಸೆ ಇರುವವರಿಗೆ ಹತ್ತಿರದಲ್ಲೇ 141ನೇ ಸ್ಟ್ರೀಟಿನಲ್ಲಿ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರ ಮನೆ ಇದೆ. 1802ರಲ್ಲಿ ಕಟ್ಟಿದ್ದು. ಮನೆಯನ್ನೇ ಎತ್ತಿ ಎರಡು ಸಲ ಬೇರೆ ಜಾಗಕ್ಕೆ ಸಾಗಿಸಿದ್ದಾರೆ, ಕೊನೆಯ ಸಲ 2008ರಲ್ಲಿ. ಅಲ್ಲಿಗೂ ಟಿಕೆಟ್ ಇಲ್ಲ. ನಾವು ಹೋಗಲಿಲ್ಲ, ಮಕ್ಕಳು ಮತ್ತೆ ಪಾರ್ಕಿಗೇ ಎಳೆದುಕೊಂಡು ಹೋದರು.

ವಾಪಸ್ ಹೋಗುವಾಗ ಅತ್ತೆಗೆ ಮೆಟ್ಟಿಲು ಬೇಡ ಎಂದು ಎಂ11 ಬಸ್ಸು ಹತ್ತಿದೆವು. ಇದೂ ಪಾರ್ಕಿನ ಒಳಗಿನಿಂದಲೇ ಹೊರಡುತ್ತದೆ, ಖಾಲಿ ಬಸ್ಸು, ಕಿಟಕಿ ಪಕ್ಕದ ಸೀಟು ಸಿಗುತ್ತದೆ. ಡ್ರೈವರಿಗೆ ಹೇಳಿದರೆ ಬಸ್ಸಿನ ಮುಂಭಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಬಗ್ಗಿಸುತ್ತಾರೆ, ಮಂಡಿನೋವಿನವರು ಆರಾಮಾಗಿ ಹತ್ತಬಹುದು. ಆ್ಯಮ್‌ಸ್ಟರ್‌ಡ್ಯಾಮ್ ಅವೆನ್ಯೂ ಹಿಡಿದು ಬರುತ್ತದೆ. ಸಿಟಿ ಕಾಲೇಜಿನ ಹಳೇ ಕಲ್ಲಿನ ಕಟ್ಟಡಗಳು, ಕೊಲಂಬಿಯಾ ವಿಶ್ವವಿದ್ಯಾಲಯ, 112ನೇ ಸ್ಟ್ರೀಟಿನಲ್ಲಿ ಸೇಂಟ್ ಜಾನ್ ದಿ ಡಿವೈನ್ ಎಂಬ ಭಾರೀ ಚರ್ಚು, ಎಲ್ಲವೂ ಕಿಟಕಿಯಿಂದಲೇ. ಟ್ರಾಫಿಕ್ ಇದ್ದರೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ವಿಮಾನ ಹಿಡಿಯುವ ಅವಸರ ಇದ್ದವರು ಹತ್ತಬೇಡಿ. ನಮಗೆ ಬೇಕಿದ್ದದ್ದು ಇದೇ ಸುತ್ತಾಟ. ಬೆಳಗ್ಗೆ 250 ಡಾಲರ್ ಕೊಟ್ಟು ಕೇಳಿದ್ದನ್ನು ನಗರದ ಬಸ್ಸು ತಲೆಗೆ 3 ಡಾಲರಿಗೆ ತೋರಿಸಿತು, ಏಸಿ ಕೂಡ ಇತ್ತು.

ಯಾರು ಹೋಗಬಾರದು ಅಂತಲೂ ಹೇಳಬೇಕು. ಫೋಟೋಗೆ ಸುಂದರವಾದ ಹೂದೋಟ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಅಂಥವರು ಬಿಎಕ್ಸ್19 ಹತ್ತಿ ಅದರ ಇನ್ನೊಂದು ತುದಿಗೆ ಹೋಗಿ, ಅಲ್ಲಿ ಬ್ರಾಂಕ್ಸ್‌ನ ಬೊಟಾನಿಕಲ್ ಗಾರ್ಡನ್ ಇದೆ. ಶಾಂತಿ ಬೇಕು ಅನ್ನುವವರು ವಾರದ ದಿನ ಬೆಳಗ್ಗೆ ಹೋಗಿ. ಬೇಸಿಗೆಯ ಭಾನುವಾರ ಹುಟ್ಟುಹಬ್ಬದ ಬಲೂನು, ಸ್ಪ್ಯಾನಿಷ್ ಹಾಡು, ಅಡುಗೆ ಡಬ್ಬಿ ಹೊತ್ತ ದೊಡ್ಡ ಕುಟುಂಬಗಳು, ಗಲಾಟೆ ಇರುತ್ತದೆ. ಟಿಕೆಟ್ ಕ್ಯೂನಲ್ಲಿ ನೂಕುವ ಜನಜಂಗುಳಿ ನನಗೆ ಆಗದು, ಆಡುವ ಜನರ ಗಲಾಟೆ ಎಷ್ಟಿದ್ದರೂ ತಡೆಯುತ್ತೇನೆ. ನಿಮ್ಮ ಸ್ವಭಾವ ನೋಡಿಕೊಂಡು ದಿನ ಆರಿಸಿ. ಇಡೀ ದಿನ ಇಟ್ಟುಕೊಳ್ಳಿ, ‘ಒಂದು ಗಂಟೆ ನೋಡಿಕೊಂಡು ಬರೋಣ’ ಅಂತ ಹೋದರೆ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ. ಊಟದ ಹೋಟೆಲಿಗೆ ಹೋಗುವಾಗ ಸ್ವಲ್ಪ ಕ್ಯಾಶ್ ಇರಲಿ, ಸಣ್ಣ ಬಿಲ್ಲಿಗೆ ಕಾರ್ಡ್ ತೆಗೆದುಕೊಳ್ಳದ ಜಾಗಗಳು ಆ ಕಡೆ ಇವೆ.